ಅಡಿಲೇಡಿನ ಬಿಸಿಲನ್ನು ನಂಬಿದ ಪೆಟ್ಟಿಗೆ

ನವೆಂಬರ್ ೧೭, ಸೋಮವಾರ

ಪೆಟ್ಟಿಗೆ ಬಂತು. ಇಬ್ಬರು ಎಲೆಕ್ಟ್ರಿಷಿಯನ್‌ಗಳು ಗ್ಯಾರೇಜಿನ ಗೋಡೆಗೆ ಅದನ್ನು ಕೂರಿಸಿ, ಒದ್ದೆ ಬೂಟಿನ ಗುರುತು ಬಿಟ್ಟು ಹೋದರು. ಗಿಡ್ಡಗೆ, ಅಗಲಕ್ಕಿದೆ. ಆಸ್ಟ್ರೇಲಿಯಾದಲ್ಲಿ ಸೋಲಾರ್ ಇರುವ ಮನೆಯವರೆಲ್ಲ ಈಗ ಬ್ಯಾಟರಿಗೆ ಮುಗಿಬಿದ್ದಿದ್ದಾರೆ. ಇದು ಅಲ್ಲಿ ಸಿಗುವ ಅಗ್ಗದ ಕಂಪನಿಯ ಮಾಲು. ಇದನ್ನು ಜನ ನಂಬಬಹುದೇ, ಪರೀಕ್ಷಿಸಿ ಹೇಳಿ ಎಂದು ಅಲ್ಲಿನ ಗ್ರಾಹಕರ ಸಂಘವೊಂದು ಸಿಯಾಟಲ್ ಪಕ್ಕದ ಟಕ್ವಿಲಾದ ನಮ್ಮ ಲ್ಯಾಬಿಗೆ ಕೆಲಸ ಒಪ್ಪಿಸಿದೆ. ಲ್ಯಾಬಿನಲ್ಲಿ ಪರೀಕ್ಷೆ ನಡೆಯುತ್ತಲೇ ಇದೆ. ಜೊತೆಗೆ ಒಂದು ಪೆಟ್ಟಿಗೆ ಸಂಸಾರ ಇರುವ ಮನೆಯಲ್ಲೂ ಓಡಬೇಕು. ಇಲ್ಲಿನ ವೋಲ್ಟೇಜಿಗೆ ಹೊಂದಿಸಿ ಕಳಿಸಿದ್ದಾರೆ, ಒಳಗಿನ ಬುದ್ಧಿಯೆಲ್ಲ ಅಲ್ಲಿನದೇ. ಮೇಪಲ್ ವ್ಯಾಲಿಯ ನಮ್ಮ ಮನೆಯ ಸೂರಿನ ಮೇಲೆ ಸೋಲಾರ್ ಇದೆಯಲ್ಲ, ನಾನೇ ಕೈ ಎತ್ತಿದೆ.

"ಇಂಥ ಟೈಮಲ್ಲಿ ನಿಮ್ಮನೇಲಿ ಬೇಡ ಸುಹಾಸ್," ಎಂದರು ನಮ್ಮ ಬಾಸ್ ವಿಜಯಕುಮಾರ್.

"ಇರ್ಲಿ ಬಿಡಿ ಸರ್," ಎಂದೆ. ಅಳೆದು ಬರೆದಿಡುವ ಕೆಲಸ ಒಂದಾದರೂ ಕೈಯಲ್ಲಿದ್ದರೆ ತಲೆ ನೆಟ್ಟಗಿರುತ್ತದೆ.

ಹೆಂಡತಿ ಸ್ಮಿತಾಳ ತಾಯಿ ಶಾಂತವ್ವ, ಹೆರಿಗೆಗೆಂದು ಗದಗದಿಂದ ಬಂದವರು, ಗ್ಯಾರೇಜಿನ ಬಾಗಿಲಲ್ಲಿ ನಿಂತು ಅದನ್ನು ಮೇಲಿಂದ ಕೆಳಗೆ ನೋಡಿದರು. "ಏನ್ರೀ ಅಳಿಯಾರ, ಬಾಗಲಾನ ಇಲ್ಲದ ಕಪಾಟ ತಂದೀರಿ?" ಕರೆಂಟು ಕೂಡಿಡುವ ಪೆಟ್ಟಿಗೆ ಎಂದು ವಿವರಿಸಿದೆ. "ಹಂಗಾರ ನಮ್ಮ ಓಣಿ ಗಿಡ್ಡಪ್ಪನ ಹಂಗ ಅನ್ರಿ. ಅವನೂ ಕೂಡಿಡಾಂವನ," ಎಂದರು. ಅಲ್ಲಿಗೆ ಅದರ ನಾಮಕರಣ ಆಯಿತು.

ಆಸ್ಪತ್ರೆಯಲ್ಲಿರುವ ಮಗುವಿನ ತೂಕ ಸ್ವಲ್ಪ ಏರಿದೆಯಂತೆ. ಸ್ಮಿತಾ ಹೇಳಿದಳು.

ನವೆಂಬರ್ ೨೦, ಗುರುವಾರ

ಸ್ಮಿತಾಳ ಹೃದಯದ ಡಾಕ್ಟರು ಮಾತ್ರೆ ಬದಲಿಸಿದರು. ಹೆರಿಗೆಯ ಹೊತ್ತಿಗೆ ಅವಳ ಹೃದಯ ಸೋತುಹೋಗಿತ್ತು, ಅದಕ್ಕಾಗಿಯೇ ಮಗುವನ್ನು ಅಷ್ಟು ಬೇಗ ಹೊರಗೆ ತೆಗೆದದ್ದು. ಹಳೆಯ ಮಾತ್ರೆ ಸಾಲುತ್ತಿಲ್ಲ. ಹೊಸದನ್ನು ನುಂಗುವಾಗ ಮಗುವಿಗೆ ಹಾಲು ಕೊಡುವಂತಿಲ್ಲ. ಅಂದರೆ ಇಂದಿನಿಂದ ಹಾಲು ನಿಲ್ಲಿಸಬೇಕು.

ಅವಳು ಡಾಕ್ಟರ ಮುಂದೆ ಅಳಲಿಲ್ಲ. ಕಾರಿನಲ್ಲಿ ಅತ್ತಳು. "ಮಗುಗೆ ನಾನು ಮಾಡ್ತಿದ್ದಿದ್ದೇ ಅದೊಂದು ಸುಹಾಸ್. ಎತ್ಕೊಳ್ಳೋಕೆ ಆಗಲ್ಲ, ಸ್ನಾನ ಮಾಡ್ಸೋಕೆ ಆಗಲ್ಲ. ಪಂಪ್ ಹಿಡ್ಕೊಂಡು ಕೂತ್ಕೋತಿದ್ದೆ, ಅಷ್ಟೇ."

ನಾನು ವೈಪರ್ ಜೋರು ಮಾಡಿದೆ.

ಇದುವರೆಗೆ ಹಿಂಡಿಟ್ಟ ಹಾಲು ಮನೆಯ ಫ್ರೀಜರಿನಲ್ಲಿ ಪ್ಯಾಕೆಟ್ಟುಗಳಲ್ಲಿ ಗಟ್ಟಿಯಾಗಿ ಕೂತಿದೆ. ಆಸ್ಪತ್ರೆಯಲ್ಲಿ ಒಂದೊಂದು ಮಗುವಿಗೆ ಒಂದು ಡಬ್ಬಿಯಷ್ಟೇ ಜಾಗ, ಹಾಗಾಗಿ ಆಗಾಗ ಇಲ್ಲಿಂದ ಒಯ್ಯುತ್ತೇವೆ. ಮಗು ಕುಡಿಯುವುದು ಹಕ್ಕಿಯಷ್ಟು. ಜೋಪಾನ ಮಾಡಿದರೆ ಮನೆಗೆ ಬಂದ ಮೇಲೂ ಸ್ವಲ್ಪ ದಿನ ಬರುತ್ತದೆ.

ನವೆಂಬರ್ ೨೩, ಭಾನುವಾರ

ಈ ದಿನ ಉಪಯೋಗಕ್ಕೆ ಬರುವ ಕೆಲಸ ಮಾಡಿದೆ. ಹಾಲಿನ ಫ್ರೀಜರಿನ ವೈರನ್ನು ಗಿಡ್ಡಪ್ಪನ ಕಡೆಗೆ ತಿರುಗಿಸಿದೆ. ನಮ್ಮ ಬೀದಿಯಲ್ಲಿ ಗಾಳಿ ಕೆಮ್ಮಿದರೂ ಮರ ಬೀಳುತ್ತದೆ, ಮರ ಬಿದ್ದರೆ ಕರೆಂಟು ಹೋಗುತ್ತದೆ. ಇನ್ನು ಚಿಂತೆಯಿಲ್ಲ.

ಕೈಪಿಡಿ ಪೂರ್ತಿ ಓದಿದೆ. ಅಗ್ಗದ ಮಾಲಾದರೂ ಬುದ್ಧಿ ಇದೆ. ಬೇಸಿಗೆಯಲ್ಲಿ ನಾಳೆ ಬಿಸಿಲು ಬಂದೇ ಬರುತ್ತದೆಂದು ಸಂಜೆ ತುಂಬಿದ್ದನ್ನೆಲ್ಲ ಮನೆಗೆ ಖರ್ಚು ಮಾಡಿ, ನಾಳೆಯ ಬಿಸಿಲಿಗೆ ಜಾಗ ಮಾಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಮಾತ್ರ ಅರ್ಧ ಭಾಗ ಮುಟ್ಟದೆ ಎತ್ತಿಡುತ್ತದೆ, ಕರೆಂಟು ಹೋದರೆ ಇರಲಿ ಎಂದು. ಕಿಟಕಿಯಾಚೆ ನೋಡಿದೆ. ಬೂದಿ ಬಣ್ಣದ ಆಕಾಶ, ತೊಟ್ಟಿಕ್ಕುವ ಫರ್ ಮರಗಳು, ಮಧ್ಯಾಹ್ನವೇ ಮುಸ್ಸಂಜೆ. ಇದಕ್ಕಿಂತ ಚಳಿಗಾಲ ಬೇಕೇ!

ಸೆಟ್ಟಿಂಗಿನಲ್ಲಿ ಊರು ಆಸ್ಟ್ರೇಲಿಯಾದ ಅಡಿಲೇಡ್ ಎಂದೇ ಇದೆ. ಅದನ್ನು ಮುಟ್ಟಲಿಲ್ಲ. ಹೇಗೆ ಬಂತೋ ಹಾಗೆ ಪರೀಕ್ಷೆ ಮಾಡು ಎನ್ನುವುದು ನಮ್ಮ ಲ್ಯಾಬಿನ ನಿಯಮ, ಏಕೆಂದರೆ ಅಗ್ಗದ ಪೆಟ್ಟಿಗೆ ಕೊಂಡವರು ಯಾರೂ ಸೆಟ್ಟಿಂಗ್ ತಡಕಾಡುತ್ತ ಕೂರುವುದಿಲ್ಲ.

ಸ್ಮಿತಾಗೆ ಹೇಳಿದೆ. "ಊರೆಲ್ಲ ಕತ್ತಲಾದ್ರೂ ನಿನ್ನ ಹಾಲಿಗೆ ಏನೂ ಆಗಲ್ಲ."

"ಪ್ರಾಮಿಸ್?"

"ಇಂಜಿನಿಯರ್ ಪ್ರಾಮಿಸ್."

ಬಹಳ ದಿನಗಳ ಮೇಲೆ ನಕ್ಕಳು.

ನವೆಂಬರ್ ೨೭, ಗುರುವಾರ

ಥ್ಯಾಂಕ್ಸ್‌ಗಿವಿಂಗ್ ರಜೆ. ಎಲ್ಲರೂ ಆಸ್ಪತ್ರೆಗೆ ಹೋದೆವು. ನರ್ಸಮ್ಮ ನನ್ನತ್ತ ತಿರುಗಿ, ಅಪ್ಪ ಇವತ್ತು ಮಗುವನ್ನು ಎದೆಯ ಮೇಲೆ ಮಲಗಿಸಿಕೊಳ್ಳುತ್ತಾರಾ ಎಂದು ಕೇಳಿದಳು. ಅಂಗಿ ಮಳೆಗೆ ಒದ್ದೆಯಾಗಿದೆ ಎಂದೆ. ಹೋದ ಸಲ ನೆಗಡಿ ಎಂದಿದ್ದೆ. ಅತ್ತೆ ನನ್ನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿದರು.

ಅಷ್ಟು ಸಣ್ಣ ಜೀವವನ್ನು ಹೇಗೆ ಹಿಡಿಯುತ್ತಾರೋ. ಮೂಗಿಗೆ ನಳಿಗೆ, ಕಾಲಿಗೆ ವೈರು. ನಾನು ಮಾನಿಟರ್ ನೋಡುತ್ತ ಕೂತೆ. ಅಂಕಿಗಳು ಚೆನ್ನಾಗಿದ್ದವು.

ಡಿಸೆಂಬರ್ ೩, ಬುಧವಾರ

ಗಿಡ್ಡಪ್ಪನ ವರದಿ. ತುಂಬಿದ್ದಕ್ಕೂ ಹಿಂದೆ ಕೊಟ್ಟದ್ದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ದುಡಿಯುವ ಗಂಡು. ಸದ್ದು ಕಡಿಮೆ. ಬಿಸಿಯಾಗುವುದಿಲ್ಲ. ಆ್ಯಪ್ ಮಾತ್ರ ದರಿದ್ರ, ತೆರೆಯುವಷ್ಟರಲ್ಲಿ ಒಂದು ಕಾಫಿ ಕುಡಿಯಬಹುದು. ಮೋಡದ ನಡುವೆ ಸಿಕ್ಕಿದ ಚೂರುಪಾರು ಬಿಸಿಲನ್ನೂ ಹಿಡಿದಿಟ್ಟು ಸಂಜೆ ಧಾರಾಳವಾಗಿ ಮನೆಗೆ ಕೊಟ್ಟುಬಿಡುತ್ತಾನೆ. ನಾಳೆಯ ಬಗ್ಗೆ ಅಪಾರ ನಂಬಿಕೆ ಮಹಾಶಯನಿಗೆ! ಇದೇ ಬೆಲೆಗೆ ಇಷ್ಟು ಕೊಡುವ ಇನ್ನೊಂದು ಪೆಟ್ಟಿಗೆ ನಾನು ನೋಡಿಲ್ಲ. ಶಿಫಾರಸು ಮಾಡುವುದೆಂದೇ ಮನಸ್ಸಿನಲ್ಲಿದೆ.

ಸ್ಮಿತಾ ಆಸ್ಪತ್ರೆಗೆ ಒಯ್ಯುವ ಪ್ಯಾಕೆಟ್ಟು ತೆಗೆಯುವಾಗಲೆಲ್ಲ ಉಳಿದವುಗಳನ್ನು ನೆಟ್ಟಗೆ ಜೋಡಿಸಿ, ಒಮ್ಮೆ ಕೈಯಾಡಿಸಿ ಬಾಗಿಲು ಹಾಕುತ್ತಾಳೆ.

ಡಿಸೆಂಬರ್ ೯, ಮಂಗಳವಾರ

ಬೆಲ್‌ವ್ಯೂನಲ್ಲಿ ನನ್ನ ಗೆಳೆಯ ತನ್ಮಯನ ಅಪಾರ್ಟ್‌ಮೆಂಟಿನಿಂದ ಬರೆಯುತ್ತಿದ್ದೇನೆ. ಮೂವರೂ ಆಸ್ಪತ್ರೆಯಲ್ಲಿದ್ದಾಗಲೇ ಗಾಳಿ ಎದ್ದಿತು. ಹೊರಡುವ ಹೊತ್ತಿಗೆ ನಮ್ಮ ಕಡೆಯ ರಸ್ತೆಗಳೆಲ್ಲ ಬಂದ್, ಎಲ್ಲ ಕಡೆ ಮರ. ತನ್ಮಯ, "ಇಲ್ಲೇ ಬನ್ರೋ, ಇಲ್ಲಿ ಕರೆಂಟ್ ಹೋಗೋದೇ ಇಲ್ಲ," ಎಂದು ಕರೆದ.

ಫೋನಿಗೆ ಗಿಡ್ಡಪ್ಪನ ಸಂದೇಶ ಬಂತು. 'ಕರೆಂಟು ಹೋಗಿದೆ, ಮನೆಯನ್ನು ನಾನು ನೋಡಿಕೊಳ್ಳುತ್ತಿದ್ದೇನೆ.' ಸ್ಮಿತಾಗೆ ತೋರಿಸಿದೆ. "ನೋಡ್ದಾ?" ಅವಳು ನನ್ನ ಭುಜಕ್ಕೆ ತಲೆ ಆನಿಸಿ ನಿದ್ದೆಹೋದಳು. ಅತ್ತೆ, "ಗಿಡ್ಡಪ್ಪ ಗಟ್ಟಿಗ ಬಿಡ್ರಿ," ಎಂದರು. ಎದೆ ಉಬ್ಬಿತು ಎಂದು ಬರೆದರೆ ಸುಳ್ಳಲ್ಲ.

ಡಿಸೆಂಬರ್ ೧೧, ಗುರುವಾರ

ಗಿಡ್ಡಪ್ಪ ಖಾಲಿ.

ಸ್ವಲ್ಪ ಹೊತ್ತು ಬಿಟ್ಟು ಬರೆಯುತ್ತಿದ್ದೇನೆ. ಈ ದಿನ ಮಧ್ಯಾಹ್ನ ರಸ್ತೆ ತೆರೆಯಿತು. ಮನೆಯೊಳಗೆ ಹೊರಗಿನಷ್ಟೇ ಚಳಿ. ಗ್ಯಾರೇಜಿನಲ್ಲಿ ಒಂದು ದೀಪವೂ ಇಲ್ಲ. ಫ್ರೀಜರಿನ ಕೆಳಗೆ ನೀರು ಹರಿದಿತ್ತು. ಸ್ಮಿತಾ ಬಾಗಿಲು ತೆರೆದು ಮೇಲಿನ ಅಂತಸ್ತಿನ ಒಂದು ಪ್ಯಾಕೆಟ್ಟು ಎತ್ತಿದಳು. ಅದು ಅವಳ ಕೈಯಲ್ಲಿ ಬಾಗಿತು.

ಅವಳಿಗೆ ಸಿಟ್ಟು ಬಂದರೆ ನನ್ನ ಜೊತೆಗೂ ಗದಗದ ಮಾತು ಬರುತ್ತದೆ. ಆ ಮಾತಿಗಾಗಿ ಕಾದೆ. ಬರಲಿಲ್ಲ. ಅವಳು ಅಲ್ಲೇ ಒದ್ದೆ ನೆಲದ ಮೇಲೆ ಕೂತಳು.

ಯಾಕೆ ಹೀಗಾಯಿತೆಂದು ನನಗೆ ಹೊಳೆದದ್ದು ಆಗ. ಅಡಿಲೇಡ್. ಪೆಟ್ಟಿಗೆ ತಾನು ಅಡಿಲೇಡಿನಲ್ಲಿದ್ದೇನೆ ಎಂದುಕೊಂಡಿದೆ. ಅಲ್ಲಿ ಡಿಸೆಂಬರ್ ಅಂದರೆ ಸುಡು ಬೇಸಿಗೆ. ಎತ್ತಿಡುವುದೇನೂ ಬೇಡ, ನಾಳೆ ಧಗಧಗ ಬಿಸಿಲು ಎಂದು ಪ್ರತಿ ಸಂಜೆ ಎಲ್ಲವನ್ನೂ ಖರ್ಚು ಮಾಡಿದೆ. ಗಾಳಿ ಎದ್ದಾಗ ಅದರ ಹೊಟ್ಟೆಯಲ್ಲಿ ಇದ್ದದ್ದು ಹನಿ. ಸಂದೇಶ ಕಳಿಸಿ, ಸ್ವಲ್ಪ ಹೊತ್ತು ಇದ್ದು ಆರಿದೆ. ಆರಿದಾಗ ಮನೆಯ ಇಂಟರ್‌ನೆಟ್ಟೂ ಆರಿತ್ತು, ಹಾಗಾಗಿ ಎರಡನೆಯ ಸಂದೇಶ ಬರಲೇ ಇಲ್ಲ. ನಾನು ಕಿಟಕಿಯಾಚೆಯ ಚಳಿ ನೋಡಿ ಕೈಪಿಡಿ ಓದಿದೆ. ಪೆಟ್ಟಿಗೆ ಎಲ್ಲಿದ್ದೇನೆಂದುಕೊಂಡಿದೆ ಎಂದು ನೋಡಲಿಲ್ಲ. ಸಂಜೆ ಖಾಲಿಯಾಗುತ್ತಿದ್ದಾನೆಂದು ನನ್ನ ಕೈಯಾರೆ ಬರೆದು ಅವನನ್ನು ಹೊಗಳಿದ್ದೆ. ಕತ್ತೆ ನಾನು.

ನಾನು ಮಾತು ಕೊಡದಿದ್ದರೆ ಹೇಗಾದರೂ ಮಾಡಿ ಅದೇ ಸಂಜೆ ಹಾಲನ್ನು ಸಾಗಿಸುತ್ತಿದ್ದೆವು. ಎರಡು ದಿನ ತನ್ಮಯನ ಮನೆಯಲ್ಲಿ, ಚಾಲೂ ಇರುವ ಫ್ರೀಜರಿನ ಪಕ್ಕದಲ್ಲೇ ಕೂತು ಚಹಾ ಕುಡಿದೆವು.

ಕೆಳಗಿನ ಅಂತಸ್ತಿನ ಪ್ಯಾಕೆಟ್ಟುಗಳಲ್ಲಿ ಇನ್ನೂ ಗಟ್ಟಿ ಮಂಜು ಇತ್ತು. ಅತ್ತೆಯೇ ಮೊದಲು ಎದ್ದರು. "ಕುಂದ್ರಾಕ ಹೊತ್ತಲ್ಲವ್ವ ಇದು. ಅಳಿಯಾರ, ಗಟ್ಟಿ ಇದ್ದದ್ದು ಒಂದ್ ಕಡೆ ಹಾಕ್ರಿ, ಕರಗಿದ್ದು ಒಂದ್ ಕಡೆ." ಐಸ್ ಪೆಟ್ಟಿಗೆಯಲ್ಲಿ ತುಂಬಿಕೊಂಡು ಮತ್ತೆ ಬೆಲ್‌ವ್ಯೂಗೆ ಓಡಿದೆವು.

ತನ್ಮಯ ಬಾಗಿಲಲ್ಲೇ ನನ್ನ ಕಿವಿಯಲ್ಲಿ, "ಫ್ರೀಜರಲ್ಲಿ ಚಿಕನ್ ಇದೆ ಕಣೋ, ಆಂಟಿ ಏನಂತಾರೆ?" ಎಂದ. ಈರುಳ್ಳಿ ತಿನ್ನಲೂ ವಾರ ನೋಡುವ ಅತ್ತೆಗೆ ಅದು ಕೇಳಿಸಿತು. "ಕೂಸಿನ ಹಾಲಿಗೆ ಎಲ್ಲೀ ಮಡಿಯಪಾ! ನಿನ್ನ ಕೋಳಿ ಅತ್ತಾಗ ಸರಸು, ಹಾಲ ಇಡು," ಎಂದರು.

ಡಿಸೆಂಬರ್ ೧೨, ಶುಕ್ರವಾರ

ಕರಗಿದ ಪ್ಯಾಕೆಟ್ಟುಗಳನ್ನು ಆಸ್ಪತ್ರೆಗೆ ಒಯ್ದೆವು. ನರ್ಸಮ್ಮ ಒಂದೊಂದನ್ನೂ ಮುಟ್ಟಿ ನೋಡಿ, ತಣ್ಣಗಿರುವುದನ್ನು ಇವತ್ತೊಂದು ದಿನ ಕೊಡಬಹುದು, ನಾಳೆ ಬೇಡ ಎಂದಳು. ಸ್ಮಿತಾಗೆ ಬೆಳಗಿನಿಂದ ಜ್ವರ, ಒಳಗೆ ಬಿಡಲಿಲ್ಲ. ಗಾಜಿನಾಚೆ ನಿಂತಳು. ಮಗುವಿನ ಮೂಗಿನ ನಳಿಗೆ ತೆಗೆದಿದ್ದಾರೆ, ಈಗ ಬಾಟಲಿಯಲ್ಲಿ ಕುಡಿಯಲು ಕಲಿಸುತ್ತಿದ್ದಾರೆ. ಯಾರು ಕುಡಿಸುತ್ತೀರಿ ಎಂದು ನರ್ಸಮ್ಮ ಕೇಳಿದಳು. ಅತ್ತೆ ನನ್ನನ್ನು ನೋಡಿದರು. ನಾನು ಅಂಗಿಯ ಬಗ್ಗೆಯಾಗಲಿ ನೆಗಡಿಯ ಬಗ್ಗೆಯಾಗಲಿ ಹೇಳಲಿಲ್ಲ.

ಏನೂ ಭಾರವಿಲ್ಲ. ಬಿಸಿ ಮಾತ್ರ ಇದೆ. ತಲೆ ನನ್ನ ಅಂಗೈಯಲ್ಲಿ ಕೂತಿತು. ಬಾಟಲಿ ತುಟಿಗೆ ತಾಗಿದಾಗ ಮಗಳು ಮೊದಲು ಮುಖ ಕಿವುಚಿದಳು, ಆಮೇಲೆ ಎಳೆದಳು. ಎರಡು ಸಲ ಎಳೆದು ಸುಸ್ತಾಗಿ ಉಸಿರು ಬಿಟ್ಟಳು. ನಾನೂ ಬಿಟ್ಟೆ. ಗಾಜಿನಾಚೆ ಸ್ಮಿತಾ ತನಗೇ ಗೊತ್ತಿಲ್ಲದೆ ಬಾಯಿ ಚಪ್ಪರಿಸುತ್ತಿದ್ದಳು.

ಸಂಜೆಯವರೆಗೂ ಅಲ್ಲೇ ಇದ್ದೆ. ಪ್ರತಿ ಸಲವೂ ನಾನೇ ಕುಡಿಸಿದೆ. ಬಲಗಿವಿಯ ತುದಿ ಸ್ವಲ್ಪ ಮಡಚಿದೆ, ಥೇಟ್ ಅವಳಮ್ಮನ ಕಿವಿ. ಇಷ್ಟು ದಿನ ಯಾರೂ ನನಗೆ ಹೇಳಿರಲಿಲ್ಲ.

ಎಷ್ಟು ಕುಡಿದಾಳು ಪಾಪ. ಬಹಳಷ್ಟು ಉಳಿಯಿತು.

ಡಿಸೆಂಬರ್ ೧೪, ಭಾನುವಾರ

ಕರೆಂಟು ಬಂತು, ಮನೆಗೆ ಮರಳಿದೆವು. ಕರಗಿ ಉಳಿದ ಹಾಲನ್ನು ಸಿಂಕಿಗೆ ಸುರಿಯಲು ಹೋದೆ. ಅತ್ತೆ ಕೈ ಹಿಡಿದರು. "ತಾಯಿಹಾಲ ಅದು. ತುಳಿಯೂ ಜಾಗಾದಾಗ ಚೆಲ್ಲಬಾರ್ದು, ಮೋರಿಗೆ ಹಾಕಬಾರ್ದು. ಗಿಡದ ಬುಡಕ್ಕ ಹಾಕಬೇಕು."

ಹಿತ್ತಲಿನ ಸೇಬಿನ ಗಿಡದ ಹತ್ತಿರ ಮೂವರೂ ಜಾಕೆಟ್ ಹಾಕಿಕೊಂಡು ನಿಂತೆವು. ಜ್ವರ ಬಿಟ್ಟಿದ್ದರಿಂದ ಸ್ಮಿತಾ ತಾನೇ ಹಾಕುತ್ತೇನೆಂದಳು. ಒಂದೊಂದೇ ಪ್ಯಾಕೆಟ್ಟು ಕತ್ತರಿಸಿ ಸುರಿದಳು. ಪ್ರತಿಯೊಂದರ ಮೇಲೂ ತಾರೀಖು ಅವಳ ಅಕ್ಷರದಲ್ಲಿತ್ತು. "ಇದು ನಂಗೆ ಕಾಲು ಊದಿಕೊಂಡಿತ್ತಲ್ಲ, ಆವತ್ತಿಂದು." "ಇದು ದೀಪಾವಳಿ ವಾರದ್ದು." ಕೊನೆಗೆ ಅವಳ ಕೈ ನಿಂತಿತು, ನಾನು ಮುಗಿಸಿದೆ. ನನಗೆ ಅಳು ಬಂತು. ಹೆಂಡತಿಯ ಮುಂದೆ ಅತ್ತದ್ದು ಇದೇ ಮೊದಲು. ನಾಚಿಕೆಯಾಗಲಿಲ್ಲ.

"ಕ್ಷಮಿಸು," ಎಂದೆ.

"ನಿನ್ ಮೇಲೆ ಸಿಟ್ಟಿದೆ," ಎಂದಳು ಸ್ಮಿತಾ. "ಅದು ಇನ್ನೂ ಸ್ವಲ್ಪ ದಿನ ಇರುತ್ತೆ. ಇರ್ಲಿ ಬಿಡು ಅದರ ಪಾಡಿಗೆ." ಹಾಗೆಂದು ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು ಒಳಗೆ ಹೋದಳು.

ಡಿಸೆಂಬರ್ ೧೮, ಗುರುವಾರ

ವಿಜಯಕುಮಾರ್ ಸರ್ ಜೊತೆ ಜಗಳ. ಅಂದರೆ ಅವರು ಮೆತ್ತಗೆ ಮಾತಾಡಿದರು, ನಾನು ಜೋರಾಗಿ.

"ನಿಮ್ಮ ಮನೆ ಡೇಟಾ ಬಿಟ್ಬಿಡೋಣ ಸುಹಾಸ್. ಸಿಯಾಟಲ್‌ನಲ್ಲಿಟ್ಟು ಅಡಿಲೇಡ್ ಅಂದ್ರೆ ಅದೇನು ಮಾಡುತ್ತೆ ಪಾಪ? ಅದು ನಿಮ್ಮ ತಪ್ಪು, ಪೆಟ್ಟಿಗೇದಲ್ಲ."

"ತಪ್ಪು ನಂದೇ ಸರ್. ಅದನ್ನೂ ಬರೀತೀನಿ. ಆದ್ರೆ ಅಡಿಲೇಡ್‌ನಲ್ಲಿ ಬೇಸಿಗೇಲಿ ಗಾಳಿಮಳೆ ಬರಲ್ವಾ? ತಂತಿ ಹರಿಯಲ್ವಾ? ಅಲ್ಲಿ ಪ್ರತಿ ಮನೇಲೂ ಇದು ಸಂಜೆ ಆದ್ಮೇಲೆ ಖಾಲೀನೇ. ಅಲ್ಲೂ ಯಾರದೋ ಫ್ರೀಜರಲ್ಲಿ ಏನೋ ಇರುತ್ತೆ."

ಅವರು ಕನ್ನಡಕ ತೆಗೆದು ಒರೆಸಿದರು. "ಸ್ಮಿತಾ ಹೇಗಿದಾರೆ?" ಎಂದು ಕೇಳಿದರು. ಆಮೇಲೆ, "ಬರೀರಿ," ಎಂದರು.

ಬೇಗ ಹೊರಟೆ. ಪುಟ್ಟಿಯ ಸಂಜೆಯ ಬಾಟಲಿ ತಪ್ಪಿಸುವಂತಿಲ್ಲ. ಬೇರೆಯವರು ಕುಡಿಸಿದರೆ ಅವಳು ಅರ್ಧಕ್ಕೇ ನಿದ್ದೆ ಮಾಡುತ್ತಾಳೆ. ಅವಳ ಅಂಗಾಲನ್ನು ಹೆಬ್ಬೆರಳಲ್ಲಿ ಸ್ವಲ್ಪ ತೀಡುತ್ತಿರಬೇಕು, ನರ್ಸಮ್ಮನಿಗೂ ಇದನ್ನು ಹೇಳಿಕೊಟ್ಟಿದ್ದೇನೆ.

ಡಿಸೆಂಬರ್ ೩೦, ಮಂಗಳವಾರ

ಪುಟ್ಟಿ ನಕ್ಕಳು. ಅದು ಗ್ಯಾಸ್ ಅಂತಾರೆ ಅತ್ತೆ. ಅನ್ನಲಿ.

ಜನವರಿ ೬, ಮಂಗಳವಾರ

ಮನೆಗೆ ಬಂದಳು! ಬೆಲ್‌ವ್ಯೂನಲ್ಲಿ ತನ್ಮಯನ ಮನೆ ಮುಂದೆ ನಿಲ್ಲಿಸಿ, ಅವನ ಫ್ರೀಜರಿನಲ್ಲಿ ಉಳಿದಿದ್ದ ಹಾಲನ್ನೂ ಅದೇ ಕಾರಿನಲ್ಲಿ ಕರೆತಂದೆವು. ಎಷ್ಟು ನಿಧಾನವಾಗಿ ಓಡಿಸಿದೆನೆಂದರೆ ಹಿಂದಿನ ಟ್ರಕ್ಕಿನವನು ಹಾರ್ನ್ ಬಜಾಯಿಸಿದ. ಅತ್ತೆ ಹಿಂದಿನ ಸೀಟಿನಿಂದ, "ಬಡಕೋ ಮಗನ, ನಮ್ಮ ಕೂಸ ಮಕ್ಕೊಂಡೈತಿ," ಎಂದು ಅವನಿಗೆ ಕೈ ತೋರಿಸಿದರು.

ಬಾಗಿಲಲ್ಲಿ ಆರತಿ ಎತ್ತಿದರು. ಹೊಗೆಯ ಅಲಾರಂ ಹೊಡೆದುಕೊಂಡಿತು. ಪುಟ್ಟಿ ಎಚ್ಚರವಾಗಲಿಲ್ಲ.

ವರದಿ ಕಳಿಸಿದೆ. ಬೆಲೆಗೆ ತಕ್ಕುದಕ್ಕಿಂತ ಒಳ್ಳೆಯ ಪೆಟ್ಟಿಗೆ, ಬಿಲ್ ಇಳಿಸಲು ಕೊಳ್ಳಬಹುದು. ಆದರೆ ಕರೆಂಟು ಹೋದಾಗ ಉಳಿಯಲೇಬೇಕಾದ್ದು ಮನೆಯಲ್ಲಿದ್ದರೆ, ಕೊಂಡ ದಿನವೇ ಅದರ ಸೆಟ್ಟಿಂಗ್ ಬದಲಿಸಿ. ಬೇಸಿಗೆಯಲ್ಲಿ ಅದು ತಾನಾಗಿ ಏನನ್ನೂ ಎತ್ತಿಡುವುದಿಲ್ಲ. ಇಷ್ಟು ಬರೆಯಲು ಎರಡು ತಿಂಗಳು.

ಜನವರಿ ೧೩, ಮಂಗಳವಾರ

ಹಾಲಿನ ಪ್ಯಾಕೆಟ್ಟು ಕೊನೆಯದೊಂದು ಉಳಿದಿದೆ. ಎಲ್ಲ ಹೊತ್ತಿಗೂ ಪುಡಿ ಹಾಲು ಕಲಸುತ್ತಿದ್ದಾಳೆ ಸ್ಮಿತಾ. ಪುಟ್ಟಿ ಅದನ್ನೂ ಗಟಗಟ ಕುಡಿಯುತ್ತಾಳೆ, ಹೊಟ್ಟೆಬಾಕಿ. ಆ ಒಂದನ್ನು ಯಾವಾಗ ಕೊಡೋಣ ಎಂದರೆ ಸ್ಮಿತಾ, "ನಾಳೆ," ಎನ್ನುತ್ತಾಳೆ. ನಿನ್ನೆಯೂ ನಾಳೆ ಎಂದಳು. ದಿನಕ್ಕೆರಡು ಬಾರಿ ಗ್ಯಾರೇಜಿಗೆ ಹೋಗಿ ಫ್ರೀಜರ್ ತೆರೆದು ನೋಡಿ ಬರುತ್ತಾಳೆ. ಆ ಒಂದು ಮುಗಿದರೆ ತಾನು ಕೊಡುವುದು ಮುಗಿಯಿತೆಂದು ಅವಳ ಲೆಕ್ಕ. ಹಾಗಲ್ಲ ಎಂದು ಹೇಳುವ ಬಾಯಿ ನನಗಿಲ್ಲ.

ಜನವರಿ ೨೦, ಮಂಗಳವಾರ

ಮಧ್ಯಾಹ್ನ ಕರೆಂಟು ಹೋಯಿತು. ಗಾಳಿಯೂ ಇಲ್ಲ, ಮಳೆಯೂ ಇಲ್ಲ, ಯಾರೋ ಕಂಬಕ್ಕೆ ಕಾರು ಗುದ್ದಿದರಂತೆ. ಪುಟ್ಟಿ ನನ್ನ ಎದೆಯ ಮೇಲೆ ಅಂಗಾತ ಬಾಯಿ ತೆರೆದು ಮಲಗಿದ್ದಳು. ನಾನು ಏಳಲಿಲ್ಲ. ಈಗ ಸೆಟ್ಟಿಂಗಿನಲ್ಲಿ ನಮ್ಮೂರೇ ಇದೆ, ಗಿಡ್ಡಪ್ಪ ಎಷ್ಟು ಚುರುಕಾಗಿ ಕೆಲಸ ಹಿಡಿದ, ಎಷ್ಟು ಹೊತ್ತು ನಿಂತ, ಇದನ್ನೆಲ್ಲ ಬರೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಎದ್ದರೆ ಅವಳಿಗೆ ಎಚ್ಚರವಾಗುತ್ತಿತ್ತು.

ಗ್ಯಾರೇಜಿನ ಬಾಗಿಲು ಸದ್ದಾಯಿತು. ಸ್ಮಿತಾ ನೋಡಲು ಹೋಗಿದ್ದಾಳೆ ಎಂದುಕೊಂಡೆ. ಸುಮಾರು ಹೊತ್ತು ಬರಲಿಲ್ಲ. ಬಂದಾಗ ಅವಳ ಕೈಯಲ್ಲಿ ಬಿಸಿನೀರಿನ ಬಟ್ಟಲು, ಅದರಲ್ಲಿ ಪ್ಯಾಕೆಟ್ಟು ತೇಲುತ್ತಿತ್ತು.

"ಹಾಳಾಗಿತ್ತಾ?" ಎಂದೆ.

"ಇಲ್ಲ. ಫ್ರೀಜರ್ ಓಡ್ತಾ ಇದೆ. ಕಲ್ಲಾಗಿತ್ತು." ಪಕ್ಕದಲ್ಲಿ ಕೂತಳು. "ಅಲ್ಲಿ ನಿಂತಿದ್ದೆ. ಕರೆಂಟ್ ಬರೋವರೆಗೂ ಹೀಗೇ ಕಾವಲು ನಿಲ್ತೀನೇನೋ ಅನ್ನಿಸ್ತು. ಮಗು ಇಲ್ಲಿ, ನಾನಲ್ಲಿ."

ಪುಟ್ಟಿಯನ್ನು ಅವಳ ತೊಡೆಗೆ ದಾಟಿಸಿದೆ. ಅತ್ತೆ ಬಂದು ಬಾಗಿಲಿಗೆ ಒರಗಿ ನಿಂತರು. ಕಣ್ಣು ಬಿಡದೆಯೇ ಕುಡಿದಳು ನಮ್ಮ ಹುಡುಗಿ, ಒಂದು ಕೈಯಲ್ಲಿ ಅಮ್ಮನ ಬೆರಳು ಹಿಡಿದುಕೊಂಡು. ಬೇರೆ ಹಾಲೆಂದು ಅವಳಿಗೆ ತಿಳಿಯಿತೋ ಇಲ್ಲವೋ, ನಮಗೆ ಗೊತ್ತಾಗಲಿಲ್ಲ. ಮುಗಿದ ಮೇಲೂ ಸ್ಮಿತಾ ಬಾಟಲಿಯನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದಳು. ಆಮೇಲೆ ಕಿಟಕಿಯ ಬೆಳಕಿಗೆ ಎತ್ತಿ ನೋಡಿದಳು. ಒಂದು ಹನಿಯೂ ಉಳಿದಿರಲಿಲ್ಲ.

"ಸಾಕ್ ನೋಡು," ಎಂದಳು. "ಇನ್ನ ಕರೆಂಟ್ ಹೋದ್ರ ಹೋಗ್ಲಿ. ನಂದೇನ ಇತ್ತು, ಎಲ್ಲಾ ಈಕಿ ಹೊಟ್ಟ್ಯಾಗ ಐತಿ."